ನೆಲ ನೋಡಿಕೊಂಡು ನಡೆಯಿರಿ

ನಮ್ಮ ದ್ವೀಪಕ್ಕೆ ಹಕ್ಕಿ ನೋಡಲು ಬಂದವರು ದೋಣಿ ನಿಲ್ಲುವ ಧಕ್ಕೆಯಲ್ಲಿ ಇಳಿದ ಕೂಡಲೇ ನಾನು ಅವರಿಗೆ ಹೇಳುವ ಮೊದಲ ಮಾತು, ಮೇಲೆ ನೋಡಬೇಡಿ ಎಂದು. ಅವರು ನಗುತ್ತಾರೆ. ಕುತ್ತಿಗೆಯಲ್ಲಿ ದುರ್ಬೀನು ನೇತುಹಾಕಿಕೊಂಡು, ಮೂರು ತಾಸು ದೋಣಿಯಲ್ಲಿ ಕುಳಿತು, ಅರ್ಧ ಜನ ವಾಂತಿಯನ್ನೂ ಮಾಡಿಕೊಂಡು ಬಂದಿರುತ್ತಾರೆ. ಅಂಥವರಿಗೆ ಮೇಲೆ ನೋಡಬೇಡಿ ಎಂದರೆ ನಗು ಬರದೆ ಇನ್ನೇನು ಬರುತ್ತದೆ. ಆದರೂ ನಾನು ಬಿಡುವುದಿಲ್ಲ. ನಾನು ಇಪ್ಪತ್ತು ಹೆಜ್ಜೆ ಮುಂದೆ ಹೋಗುತ್ತೇನೆ, ನೀವು ನೆಲ ನೋಡಿಕೊಂಡು ಹಿಂದೆ ಬನ್ನಿ, ನಾನು ಕೈ ಎತ್ತಿ ‘ನೋಡಿ’ ಎಂದ ಮೇಲೆ ಬೇಕಾದಷ್ಟು ನೋಡಿ ಎಂದು ಮೊನ್ನೆ ಮೊನ್ನೆಯ ತನಕ ಹೇಳುತ್ತಿದ್ದೆ. ಹಾಗೆ ಎಂಟು ಹತ್ತು ಜನ ತಲೆ ತಗ್ಗಿಸಿಕೊಂಡು ಮರಳಿನ ಮೇಲೆ ಸಾಲಾಗಿ ಬರುವುದನ್ನು ದೂರದಿಂದ ಕಂಡರೆ ಯಾರದೋ ಕಿವಿಯೋಲೆ ಕಳೆದುಹೋಗಿದೆ ಎಂದುಕೊಳ್ಳಬೇಕಿತ್ತು.

ಕಾರಣ ಇಷ್ಟೇ. ನಮ್ಮಲ್ಲಿ ಹಕ್ಕಿ ಹೇಳಿ ಹೋಗುತ್ತದೆ. ಕಾರ್ತಿಕ, ಮಾರ್ಗಶಿರದಲ್ಲಿ ಉತ್ತರದಿಂದ ಬಂದಿಳಿದ ಹಕ್ಕಿಯನ್ನು ದ್ವೀಪದಲ್ಲಿ ಯಾರು ಮೊದಲು ಕಾಣುತ್ತಾರೋ, ವೈಶಾಖದಲ್ಲಿ ಅದು ಅವರ ಬಾಗಿಲಿಗೆ ಬಂದು ನಿಲ್ಲುತ್ತದೆ. ಅವರು ‘ಹೋಗಿ ಬಾ’ ಎನ್ನಬೇಕು. ಹಾಗೆ ಅಂದರೆ ಅದು ದ್ವೀಪಕ್ಕೆ ಒಂದು ಸುತ್ತು ಹಾಕಿ ಹೊರಡುತ್ತದೆ. ಅನ್ನದಿದ್ದರೆ ನಿಲ್ಲುತ್ತದೆ. ಒಂಟಿ ಹಕ್ಕಿಯಾದರೆ ಒಂಟಿಯಾಗಿ ಬರುತ್ತದೆ, ಹಿಂಡಾದರೆ ಹಿಂಡಾಗಿ. ನಮ್ಮ ಹೆಡ್ ಮಾಸ್ತರರು ಒಂದು ವರ್ಷ ಬೆಳಗ್ಗೆ ಹಲ್ಲುಜ್ಜುತ್ತಾ ಹಿತ್ತಿಲಿಗೆ ಹೋಗಿ ಮುನ್ನೂರು ಕಡಲಕಾಗೆಗಳನ್ನು ಒಂದೇ ನೋಟಕ್ಕೆ ಕಂಡುಬಿಟ್ಟರು. ಆ ವೈಶಾಖದಲ್ಲಿ ಶಾಲೆಯ ಮಾಡಿನ ಹಂಚು ಕಾಣದಷ್ಟು ಹಕ್ಕಿ. ಅವರು ಅಂಗಳಕ್ಕೆ ಬಂದು ಕೈಮುಗಿದು ‘ಹೋಗಿ ಬನ್ನಿ’ ಎಂದಾಗ ಅವು ಹಾರಿದ ಗಾಳಿಗೆ ಹಾಜರಿ ಪುಸ್ತಕ ಬಾವಿಗೆ ಬಿತ್ತು.

ಹೀಗಿರುವಾಗ ನಾವು ಇದಕ್ಕೆ ಹೊಂದಿಕೊಳ್ಳದೆ ಬದುಕುವುದು ಹೇಗೆ? ವೈಶಾಖದಲ್ಲಿ ದ್ವೀಪ ಬಿಟ್ಟು ಹೋಗಲಿಕ್ಕಿರುವವರು ಕಾರ್ತಿಕದಿಂದಲೇ ಕೊಡೆ ತಗ್ಗಿಸಿಕೊಂಡು ನಡೆಯುತ್ತಾರೆ, ಎಲ್ಲಿ ಹೊಸ ಹಕ್ಕಿ ಕಣ್ಣಿಗೆ ಬಿದ್ದೀತೋ ಎಂದು. ಬಾಣಂತಿಯರ ಕೋಣೆಯ ಕಿಟಕಿಗೆ ಚಾಪೆ ಕಟ್ಟುತ್ತೇವೆ. ನೆಂಟಸ್ತಿಕೆ ಮಾತಾಡುವಾಗ ಹುಡುಗನ ಕಣ್ಣಿಗೆ ವರ್ಷಕ್ಕೆ ಎಷ್ಟು ಹಕ್ಕಿ ಎಂದು ಕೇಳುವವರಿದ್ದಾರೆ. ಮೊದಲು ಕಂಡವರು ಧಕ್ಕೆಗೆ ಹೋಗಿ ಅಲ್ಲಿನ ಕರಿಹಲಗೆಯ ಮೇಲೆ ಹಕ್ಕಿಯ ಹೆಸರನ್ನೂ ತಮ್ಮ ಹೆಸರನ್ನೂ ಸೀಮೆಸುಣ್ಣದಲ್ಲಿ ಬರೆಯಬೇಕು. ಜಗಳ ಬಂದರೆ ದೋಣಿ ಆಫೀಸಿನ ಸಂಜೀವಣ್ಣ ಪಂಚಾಯತಿ ಮಾಡುತ್ತಾರೆ. ಜಗಳ ಎಷ್ಟು ಕಾವೇರಿದರೂ ಪರವಾಗಿಲ್ಲ, ವೈಶಾಖದಲ್ಲಿ ಹಕ್ಕಿ ಯಾರ ಬಾಗಿಲಿಗೆ ಬರುತ್ತದೋ ನೋಡುವ ಎಂದು ಹೇಳಿ ಬಾಗಿಲು ಹಾಕಿಕೊಳ್ಳುವುದೇ ಅವರ ಪಂಚಾಯತಿ.

ಕಂಡವರು ಊರಲ್ಲಿ ಇಲ್ಲದೆ ಹೋದರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ವರ್ಗವಾಗಿ ಹೋದ ಒಬ್ಬ ಟೀಚರು ಒಂದು ಸಣ್ಣ ಉಸುಕುಹಕ್ಕಿಯನ್ನು ಕಂಡು ಮರೆತು ಹೋಗಿದ್ದರು. ಅದು ಅವರ ಖಾಲಿ ಮನೆಯ ಮೆಟ್ಟಿಲ ಮೇಲೆ ನಿಂತೇ ಇತ್ತು. ಅವರು ಫೋನಿನಲ್ಲಿ ಕೂಗಿ ಕೂಗಿ ‘ಹೋಗಿ ಬಾ’ ಎಂದರು. ಸಂಜೀವಣ್ಣ ಪಕ್ಕದ ಮನೆಯ ಫೋನಿನ ವಯರನ್ನು ಕಿಟಕಿಯಿಂದ ಹೊರಗೆಳೆದು ರಿಸೀವರನ್ನು ಹಕ್ಕಿಯ ಹತ್ತಿರ ಹಿಡಿದರು. ಹಕ್ಕಿ ಕತ್ತು ಸಹ ತಿರುಗಿಸಲಿಲ್ಲ. ಮಳೆ ಹಿಡಿಯಿತು. ಮಳೆಗಾಲದಲ್ಲಿ ನಮ್ಮ ಮರಳುದಿಬ್ಬವೆಲ್ಲ ನೀರಿನಡಿಗೆ ಹೋಗುತ್ತದೆ, ಅಂಥ ಹಕ್ಕಿಗಳಿಗೆ ತಿನ್ನಲು ಏನೂ ಸಿಗುವುದಿಲ್ಲ. ಹತ್ತನೆಯ ದಿನ ಅದನ್ನು ಮಗುಚಿಟ್ಟ ದೋಣಿಯ ಅಡಿಯಿಂದ ನಾನೇ ತೆಗೆದೆ. ಕೈಯಲ್ಲಿ ಹಿಡಿದರೆ ಹಪ್ಪಳದಷ್ಟೂ ಭಾರ ಇರಲಿಲ್ಲ.

ಅದಕ್ಕೇ ಪ್ರವಾಸಿಗರ ಮುಂದೆ ಊರಿನ ಒಬ್ಬರು ನಡೆಯಬೇಕು ಎಂದು ನಿಯಮ ಮಾಡಿದ್ದು. ಇಪ್ಪತ್ತೆರಡು ವರ್ಷದಿಂದ ಆ ಒಬ್ಬರು ನಾನು, ವಾರಿಜ. ನನಗಿಂತ ಮೊದಲು ನನ್ನ ಅಮ್ಮ. ಅಮ್ಮನ ಕಣ್ಣಿನ ಬಗ್ಗೆ ಊರಲ್ಲಿ ಈಗಲೂ ಮಾತಾಡುತ್ತಾರೆ. ಮೂವತ್ತು ವರ್ಷದ ಕೆಳಗೆ ಒಂದು ಏಡಿಮುರುಕವನ್ನು ಆಕೆ ಕಂಡಿದ್ದಳು. ಬಿಳಿ ಮೈ, ಕರಿ ಬೆನ್ನು, ಬೂದಿ ಬಣ್ಣದ ಉದ್ದ ಕಾಲು, ಏಡಿಯ ಚಿಪ್ಪು ಒಡೆಯುವಂಥ ದಪ್ಪ ಕೊಕ್ಕು. ಅದರ ನಂತರ ಏಡಿಮುರುಕ ನಮ್ಮ ದ್ವೀಪದ ಕಡೆ ತಲೆ ಹಾಕಿರಲಿಲ್ಲ. ನನ್ನ ಹೆಸರಿನ ಮುಂದೆ ವರ್ಷವೂ ಹದಿನಾರು ಹದಿನೇಳು ಒಂಟಿ, ಎಂಟೊಂಬತ್ತು ಹಿಂಡು ಇದ್ದರೂ ಅಕ್ಕಣಿ ಅಜ್ಜಿ ಮಾತ್ರ ಹಲಗೆ ನೋಡಿ, “ಎಲ್ಲಾ ಉಂಟು, ಏಡಿಮುರುಕ ಇಲ್ಲ,” ಎಂದು ಹೇಳಿ ಹೋಗುತ್ತಿದ್ದಳು. ಅಕ್ಕಣಿ ಅಜ್ಜಿ ನಮ್ಮ ಊರಿಗೆಲ್ಲ ಹಿರಿಯಳು. ಆಕೆಯ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ.

ಎರಡು ವರ್ಷದ ಕೆಳಗೆ ಮಾರ್ಗಶಿರದ ಒಂದು ಬೆಳಗ್ಗೆ ನಾನು ಏಳು ಜನರನ್ನು ಕರೆದುಕೊಂಡು ತೆಂಕು ದಿಬ್ಬಕ್ಕೆ ಹೋಗಿದ್ದೆ. ಇಳಿತದ ಹೊತ್ತು. ನೀರು ಹಿಂದೆ ಹೋಗಿ ಮರಳೆಲ್ಲ ಒದ್ದೆಯಾಗಿ ಹೊಳೆಯುತ್ತಿತ್ತು. ಬಿಸಿಲು ನನ್ನ ಕಣ್ಣಿಗೆ ನೇರವಾಗಿ ಹೊಡೆಯುತ್ತಿತ್ತು. ನಾನು ಕೈ ಅಡ್ಡ ಹಿಡಿದು ನಡೆಯುತ್ತಿದ್ದೆ. ಆಗ ನನ್ನ ಹಿಂದೆ ಯಾರೋ ಒಬ್ಬರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಬಿಸಿ ಚಾ ನಾಲಿಗೆಗೆ ತಾಗಿದಾಗ ಎಳೆದುಕೊಳ್ಳುತ್ತೇವಲ್ಲ, ಹಾಗೆ. ನಾನು ತಿರುಗಿ ನೋಡಿದೆ. ಏಳೂ ಜನ ತಲೆ ತಗ್ಗಿಸಿಕೊಂಡೇ ಇದ್ದರು, ಒಳ್ಳೆಯ ಮಕ್ಕಳ ಹಾಗೆ. ನಾನು ಮತ್ತೆ ಮುಂದೆ ತಿರುಗಿದೆ. ನಲ್ವತ್ತು ಮಾರು ದೂರದಲ್ಲಿ ಒಂದು ಬಂಡೆಯ ಮೇಲೆ ಏಡಿಮುರುಕ ನಿಂತಿತ್ತು.

 ಕೈ ಎತ್ತಿ ‘ನೋಡಿ’ ಎಂದೆ. ಏಳೂ ಜನ ತಲೆ ಎತ್ತಿದರು. ಒಬ್ಬಾಕೆ ಖುಷಿಯಲ್ಲಿ ನನ್ನನ್ನು ತಬ್ಬಿಕೊಂಡಳು. ಆ ಉಸಿರಿನ ಶಬ್ದ ನನಗೆ ನೆನಪಿತ್ತು. ಆಮೇಲೂ ನೆನಪಿತ್ತು. ಆದರೆ ಯಾರೂ ತಲೆ ಎತ್ತಿರಲಿಲ್ಲ, ಅದನ್ನು ನಾನೇ ನೋಡಿದ್ದೆ. ತಲೆ ಎತ್ತದೆ ಹಕ್ಕಿ ಕಾಣುವುದು ಹೇಗೆ? ಹೀಗೆ ನನಗೆ ನಾನೇ ವಕೀಲಿ ಮಾಡಿಕೊಂಡು, ಧಕ್ಕೆಗೆ ಬಂದು, ಹಲಗೆಯ ಮೇಲೆ ಎಲ್ಲರ ಹೆಸರಿಗಿಂತ ದೊಡ್ಡದಾಗಿ ಬರೆದೆ: ಏಡಿಮುರುಕ, ವಾರಿಜ. ಆ ದಿನ ಅಕ್ಕಣಿ ಅಜ್ಜಿ ನನ್ನ ಮನೆಗೆ ಬಂದು ಒಂದು ಹಿಡಿ ಅಬ್ಬಲಿಗೆ ಹೂ ಕೊಟ್ಟು ಹೋದಳು. ಅದನ್ನು ಮುಡಿದುಕೊಂಡು ಮೂರು ದಿನ ತಿರುಗಿದೆ, ಬಾಡಿದ ಮೇಲೂ.

ವೈಶಾಖ ಬಂತು. ಹಕ್ಕಿಗಳು ಬಾಗಿಲುಗಳಿಗೆ ಬಂದವು. ಕ್ಷೌರದ ಅಂಗಡಿಯಲ್ಲಿ ಅರ್ಧ ಗಡ್ಡದವರು ಎದ್ದು ಹೊರಗೆ ಹೋಗಿ ಬಾಗುಕೊಕ್ಕಿಗಳಿಗೆ ಹೋಗಿ ಬನ್ನಿ ಎಂದು ಹೇಳಿ ಬಂದು ಮತ್ತೆ ಕೂತರು. ನನ್ನ ಅಂಗಳಕ್ಕೆ ನನ್ನ ಹದಿನೇಳೂ ಬಂದವು, ಒಂಬತ್ತು ಹಿಂಡೂ ಬಂದವು. ಒಂದೊಂದಕ್ಕೂ ಮನಸ್ಸಿಟ್ಟು ಹೇಳಿ ಕಳಿಸಿದೆ. ಏಡಿಮುರುಕ ಮಾತ್ರ ಬರಲಿಲ್ಲ.

ಮೊದಲ ವಾರ ಅದಕ್ಕೆ ಹೊತ್ತಾಗಿಲ್ಲ ಎಂದುಕೊಂಡೆ. ಎರಡನೆಯ ವಾರ ದಿಬ್ಬಕ್ಕೆ ಹೋಗಿ ನೋಡಿದರೆ ಅದು ಅದೇ ಬಂಡೆಯ ಮೇಲೆ, ಧಕ್ಕೆಯ ಕಡೆ, ದೋಣಿ ಬರುವ ದಾರಿಯ ಕಡೆ ಮುಖ ಮಾಡಿ ನಿಂತಿತ್ತು. ನಾನು ಹತ್ತಿರ ಹೋಗಿ ‘ಹೋಗಿ ಬಾ’ ಎಂದೆ. ಒಂದು ಗರಿಯೂ ಅಲುಗಲಿಲ್ಲ. ಅಮ್ಮ ಹೇಳುತ್ತಿದ್ದ ರಾಗದಲ್ಲಿ ಹೇಳಿದೆ. ಇಲ್ಲ. ನಾನು ದಿಬ್ಬದ ಮೇಲೆ ನಿಂತು ಒಂದು ಹಕ್ಕಿಗೆ ಎಷ್ಟು ಸಲ ಹೋಗಿ ಬಾ ಎಂದೆನೋ, ಅಷ್ಟು ಸಲ ಬಂಡೆಗೆ ಹೇಳಿದ್ದರೆ ಬಂಡೆಯೇ ಎದ್ದು ಹೋಗಬೇಕಿತ್ತು.

“ಎಂತ ವಾರಿಜಕ್ಕ, ನಿಮ್ಮದು ಇನ್ನೂ ಹೊರಡಲಿಲ್ಲವಾ?” ಸಂಜೀವಣ್ಣ ದೋಣಿ ಆಫೀಸಿನ ಕಿಟಕಿಯಿಂದ ಕೇಳಿದರು.

“ದೊಡ್ಡ ಹಕ್ಕಿ ಅಲ್ಲವಾ ಸಂಜೀವಣ್ಣ, ನಿಧಾನಕ್ಕೆ ಹೋಗ್ತದೆ,” ಎಂದೆ.

“ದೋಣಿಗೆ ಇನ್ನು ಹನ್ನೊಂದು ದಿನ ಉಂಟು. ಆಮೇಲೆ ಗಣಪತಿ ಹಬ್ಬದ ತನಕ ಬಂದ್. ನಾನು ಸುಮ್ಮನೆ ಹೇಳಿದ್ದು.”

ಅವರು ಯಾವುದನ್ನೂ ಸುಮ್ಮನೆ ಹೇಳುವವರಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ನಾನು ಅಲ್ಲಿಂದ ಬೇಗ ಹೊರಟೆ. ಮನೆಗೆ ಬಂದು ಅನ್ನಕ್ಕೆ ಕೂತರೆ ಆ ಉಸುಕುಹಕ್ಕಿಯ ನೆನಪು. ನನ್ನ ಹೆಸರು ಹಲಗೆಯ ಮೇಲಿದ್ದಷ್ಟು ದಿನ ಈ ಹಕ್ಕಿ ಸಾಯುವ ದಾರಿಯಲ್ಲಿದೆ, ಅದನ್ನು ಅಲ್ಲಿ ಕಟ್ಟಿಹಾಕಿದವಳು ನಾನು.  ಮರುದಿನ ಬೆಳಗ್ಗೆ ದೋಣಿ ಆಫೀಸಿಗೆ ಹೋಗಿ, ಆ ಏಳು ಜನರ ಫೋನ್ ನಂಬರು ಕೊಡಿ ಎಂದೆ. ಸಂಜೀವಣ್ಣ ಒಂದು ಮಾತೂ ಕೇಳದೆ ಪ್ರವಾಸಿಗರ ಪಟ್ಟಿ ತೆಗೆದಿಟ್ಟು, ಪಕ್ಕದ ಕೋಣೆಗೆ ಹೋಗಿ, ಬಾಗಿಲನ್ನು ಸ್ವಲ್ಪ ತೆರೆದೇ ಇಟ್ಟರು.

ಆರು ಜನರಿಗೆ ಫೋನು ಮಾಡಿದೆ. ಎಲ್ಲರಿಗೂ ಒಂದೇ ಪ್ರಶ್ನೆ: ನಾನು ಹೇಳುವ ಮೊದಲು ಹಕ್ಕಿ ಕಂಡಿರಾ? ಆರು ಜನರೂ ಬೇಸರ ಮಾಡಿಕೊಂಡರು. ನೀವು ಹೇಳಿದ ಹಾಗೇ ನೆಲ ನೋಡಿಕೊಂಡು ಬಂದೆವಲ್ಲ ಮೇಡಮ್ ಎಂದರು. ನನ್ನನ್ನು ತಬ್ಬಿಕೊಂಡಿದ್ದಾಕೆಯಂತೂ ತನ್ನ ಕುತ್ತಿಗೆ ಇನ್ನೂ ನೋಯುತ್ತಿದೆ ಎಂದಳು. ಏಳನೆಯ ಹೆಸರು ಯಮನೂರಪ್ಪ ಎಂದಿತ್ತು. ನನಗೆ ಆ ಮನುಷ್ಯನ ಮುಖ ನೆನಪಾಗಲಿಲ್ಲ. ಬಯಲುಸೀಮೆಯವರು, ರೈಲ್ವೆಯಲ್ಲಿ ಗೇಟ್‌ಮನ್ ಆಗಿದ್ದು ರಿಟೈರಾದವರು ಎಂದು ಸಂಜೀವಣ್ಣ ಒಳಗಿಂದಲೇ ಹೇಳಿದರು. ದುರ್ಬೀನು ಇಲ್ಲದೆ ಬಂದಿದ್ದ ಒಬ್ಬರೇ ಅವರಂತೆ.

“ನೀವು ಹೇಳೂಕಿಂತ ಮೊದ್ಲ ತಲಿ ಎತ್ತಿಲ್ರಿ ಅಕ್ಕಾರ,” ಎಂದರು ಯಮನೂರಪ್ಪ. “ನಿಯಮ ಅಂದ್ರ ನಿಯಮ. ಮೂವತ್ತೊಂದು ವರ್ಷ ನಾನೂ ಅದನ್ನ ಮಾಡೇನಿ.”

ಫೋನು ಇಡುವುದರಲ್ಲಿದ್ದೆ. ಏಕೋ ಏನೋ ಬಾಯಿಗೆ ಬಂತು. “ಹಾಗಾದ್ರೆ ನೆಲದಲ್ಲಿ ಎಂತ ಕಂಡಿರಿ?”

“ನೆಲದಾಗ ನೀರು ನಿಂತಿತ್ರಿ. ನೀರಾಗ ಒಂದು ಬಿಳಿ ಹಕ್ಕಿ. ಕಾಲು ಮ್ಯಾಲ, ತಲಿ ಕೆಳಗ. ನಮ್ಮ ಕಡೆ ನೀರ ಇರೂದಿಲ್ಲ, ಇನ್ನ ನೀರಾಗ ಹಕ್ಕಿ ಎಲ್ಲಿಂದ ಬರಬೇಕು. ಖುಷಿ ಆತ್ರಿ. ಆಮ್ಯಾಲ ನೀವು ನೋಡ್ರಿ ಅಂದ್ರಿ, ನೋಡಿದ್ನಿ.”

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ಇಪ್ಪತ್ತೆರಡು ವರ್ಷ ಇಳಿತದ ಒದ್ದೆ ಮರಳಿನ ಮೇಲೆ ಜನರನ್ನು ನೆಲ ನೋಡಿಕೊಂಡು ನಡೆಸಿದ್ದೇನೆ. ಕನ್ನಡಿಯ ಮೇಲೆ ನಡೆಸಿ ಮುಖ ನೋಡಿಕೊಳ್ಳಬೇಡಿ ಎಂದ ಹಾಗಾಯಿತು. ಊರಿನ ಒಬ್ಬರಿಗೂ ಇದು ಹೊಳೆದಿರಲಿಲ್ಲ. ನನ್ನ ಅಮ್ಮನಿಗೂ ಹೊಳೆದಿರಲಿಲ್ಲ. ಹಕ್ಕಿಯ ವಿಷಯದಲ್ಲಿ ನಮಗಿಂತ ತಿಳಿದವರಿಲ್ಲ ಎಂದು ಮೆರೆಯುವ ನಮಗೆ!

ಯಮನೂರಪ್ಪನವರಿಗೆ ಎಲ್ಲ ಹೇಳಿದೆ. ಹಕ್ಕಿ ನಿಮಗಾಗಿ ನಿಂತಿದೆ, ನೀವು ಬರಬೇಕು, ಬಂದ ಮೇಲೆ ಅದೇ ದೋಣಿಯಲ್ಲಿ ತಿರುಗಿ ಹೋಗಲು ಆಗದಿದ್ದರೆ ಗಣಪತಿ ಹಬ್ಬದ ತನಕ ಇಲ್ಲೇ ಇರಬೇಕಾದೀತು. ಇಷ್ಟನ್ನು ಹೇಳಿ, ಆ ಉಸಿರಿನ ಶಬ್ದ ನನಗೆ ಕೇಳಿಸಿತ್ತು ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಬೇಕಾದದ್ದು ಅದೊಂದೇ ಆಗಿತ್ತು.

ಫೋನಿನಲ್ಲಿ ಅವರ ಹಿಂದೆ ಯಾರೋ ರೊಟ್ಟಿ ಬಡಿಯುವ ಶಬ್ದ ಬರುತ್ತಿತ್ತು.

“ನಾ ಹಾಕಿದ ಗೇಟು ನಾನ ತಗೀಬೇಕಲ್ರಿ,” ಎಂದರು. “ಬರ್ತೀನಿ.”

ಫೋನು ಇಟ್ಟೆ. ಸಂಜೀವಣ್ಣ ಬಾಗಿಲಲ್ಲಿ ನಿಂತಿದ್ದರು. ನನ್ನನ್ನು ನೋಡಿದರು, ಹೊರಗಿನ ಹಲಗೆಯನ್ನು ನೋಡಿದರು. ಅವರು ಬೈದಿದ್ದರೆ ಒಳ್ಳೆಯದಿತ್ತು. ನಾನು ಹೊರಗೆ ಬಂದೆ. ಮೀನು ಇಳಿಸುವ ಹೊತ್ತಾದ್ದರಿಂದ ಧಕ್ಕೆಯ ತುಂಬ ಜನ. ಸೆರಗಿನ ತುದಿಯಿಂದ ನನ್ನ ಹೆಸರನ್ನು ಒರಸಿದೆ. ದೊಡ್ಡದಾಗಿ ಬರೆದದ್ದರಿಂದ ಒರಸಲಿಕ್ಕೂ ಹೊತ್ತು ಹಿಡಿಯಿತು.  ಯಮನೂರಪ್ಪ ಎಂದು ಬರೆದು ತಿರುಗಿ ನಿಂತು ಹೇಳಿದೆ, “ನನಗಿಂತ ಮೊದಲು ಕಂಡವರು ಅವರು. ಅವತ್ತೇ ನನಗೆ ಸಂಶಯ ಬಂದಿತ್ತು. ಹೇಳಲಿಲ್ಲ. ಏಡಿಮುರುಕ ಆದದ್ದಕ್ಕೆ ಹೇಳಲಿಲ್ಲ.”

 ಅಕ್ಕಣಿ ಅಜ್ಜಿ ಮೀನಿನ ಬುಟ್ಟಿ ಕೆಳಗಿಟ್ಟು ಹತ್ತಿರ ಬಂದು ಹಲಗೆ ಓದಿದಳು. “ನಿನ್ನ ಅಮ್ಮನ ಕಣ್ಣು ನಿನಗೆ ಬರಲಿಲ್ಲ. ಹೋಗ್ಲಿ, ಕಣ್ಣು ಎಲ್ಲರಿಗೂ ಬರುದಿಲ್ಲ. ಬಾಯಿಯಾದ್ರೂ ಬರಬಹುದಿತ್ತು,” ಎಂದಳು. ಆ ಮಾತು ಇವತ್ತಿಗೂ ನೆನಪಾದಾಗ ನನ್ನ ಕಿವಿ ಬಿಸಿಯಾಗುತ್ತದೆ.

ಕೊನೆಯ ದೋಣಿಯ ದಿನ ಯಮನೂರಪ್ಪ ಬಂದರು. ಎರಡು ರೈಲು, ಒಂದು ಬಸ್ಸು, ಕೊನೆಗೆ ದೋಣಿ. ಬಿಳಿ ಟೊಪ್ಪಿ, ಬಿಳಿ ಧೋತರ, ಕಂಕುಳಲ್ಲಿ ಸಜ್ಜೆ ರೊಟ್ಟಿಯ ಗಂಟು. ಸಣ್ಣ ಆಳು. ಮಾತಾಡುವಾಗ ಮುಖ ನೋಡದೆ ಸ್ವಲ್ಪ ಕೆಳಗೆ ನೋಡುವ ರೂಢಿ. ರೈಲು ಬರುವುದು ಮೊದಲು ಹಳಿಗೆ ಗೊತ್ತಾಗುತ್ತದೆ, ಆಮೇಲೆ ಕಿವಿಗೆ, ಕೊನೆಗೆ ಕಣ್ಣಿಗೆ, ಹಾಗಾಗಿ ಕೆಳಗೆ ನೋಡುವುದು ಅಭ್ಯಾಸವಾಗಿದೆ ಎಂದು ದಾರಿಯಲ್ಲಿ ಹೇಳಿದರು. ಕಡಲು ಆಗಲೇ ಬಣ್ಣ ಬದಲಿಸುತ್ತಿತ್ತು. ದೋಣಿಯವ ಒಂದು ತಾಸು ಕಾಯುತ್ತೇನೆ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ ಎಂದ. ಅರ್ಧ ಊರು ನಮ್ಮ ಹಿಂದೆ ಬಂತು.

ಏಡಿಮುರುಕ ಬಂಡೆಯ ಮೇಲೆ ಇತ್ತು. ಎದೆಯ ಮೂಳೆ ಎದ್ದು ಕಾಣುವಷ್ಟು ಬಡವಾಗಿತ್ತು. ನಾನು ಯಮನೂರಪ್ಪನವರನ್ನು ಮುಂದೆ ಬಿಟ್ಟೆ. ಅವರು ತಲೆ ಎತ್ತಿ ಅದನ್ನೇ ನೋಡುತ್ತಾ ನಡೆದರು. ಹಕ್ಕಿ ಅವರನ್ನು ನೋಡಿತು, ಮತ್ತೆ ಧಕ್ಕೆಯ ಕಡೆ ತಿರುಗಿತು. ಗುರುತು ಹತ್ತಲಿಲ್ಲ. ಅವರು ಇನ್ನೂ ನಾಲ್ಕು ಹೆಜ್ಜೆ ಹೋದರು. ಹಕ್ಕಿ ಬಂಡೆಯ ಆಚೆ ತುದಿಗೆ ಸರಿಯಿತು. ಹಿಂದೆ ಜನ ಗುಸುಗುಸು ಎನ್ನತೊಡಗಿದರು. ಇವಳು ಎರಡನೆಯ ಸಲವೂ ತಪ್ಪು ಹೆಸರು ಬರೆದಳು ಎಂದು ಯಾರೋ ಅಂದದ್ದು ನನಗೆ ಚೆನ್ನಾಗಿ ಕೇಳಿಸಿತು.  ಇದೂ ತಪ್ಪಾದರೆ ಇನ್ನು ಯಾರನ್ನು ಕರೆಯುವುದು, ಯಾವ ದೋಣಿಯಲ್ಲಿ ಕರೆಯುವುದು?

ಆಗ ನನಗೆ ನೆನಪಾಯಿತು. ಆ ದಿನ ಈ ಮನುಷ್ಯ ಹಕ್ಕಿಗೆ ಕಂಡದ್ದು ಹೀಗೆ ತಲೆ ಎತ್ತಿಕೊಂಡು ಅಲ್ಲ.

“ಯಮನೂರಪ್ಪನವ್ರೆ, ಅದನ್ನು ನೋಡಬೇಡಿ,” ಎಂದೆ. “ನೆಲ ನೋಡಿಕೊಂಡು ನಡೀರಿ.”

ಅವರು ನಿಂತರು. ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ತಲೆ ತಗ್ಗಿಸಿ, ಒದ್ದೆ ಮರಳನ್ನು ನೋಡಿಕೊಂಡು, ಹಳಿ ಪರೀಕ್ಷೆ ಮಾಡುವವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟರು. ಹಕ್ಕಿ ಕತ್ತು ಚಾಚಿತು. ಬಂಡೆಯಿಂದ ಇಳಿಯಿತು. ಉದ್ದ ಕಾಲಿನಲ್ಲಿ ಬೇಗ ಬೇಗ ನಡೆದು ಬಂದು ಅವರ ಕಾಲಿನ ಹತ್ತಿರ, ನೀರು ನಿಂತಲ್ಲಿ, ನಿಂತಿತು. ಅವರು ನೀರಲ್ಲಿ ಅದನ್ನು ನೋಡಿದರು. ಅದೂ ನೀರಲ್ಲಿ ಅವರನ್ನು ನೋಡಿತು. 

ನಾನು ಅವರಿಗೆ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದೆ. ಎರಡೇ ಮಾತು, ಹೋಗಿ ಬಾ. ಸಣ್ಣ ಮಕ್ಕಳಿಗೂ ಬರುತ್ತದೆ.  ಅವರು ಪಕ್ಕದ ಮನೆಯವರ ಜತೆ ಮಾತಾಡುವ ದನಿಯಲ್ಲಿ ಹೇಳಿದರು.

“ಭಾಳ ದಿನ ನಿಂದ್ರಿಸಿದ್ನೆಪ್ಪಾ. ಹೋಗು. ಬರಬೇಕಂತ ಏನಿಲ್ಲ. ಬಂದ್ರ ಬಾ, ಬಿಟ್ರ ಬಿಡು.”

ನನ್ನ ಹಿಂದೆ ಊರಿಗೆ ಊರೇ ಉಸಿರು ಹಿಡಿಯಿತು. ಅಜ್ಜ ಮುತ್ತಜ್ಜಂದಿರ ಕಾಲದಿಂದ ಈ ದ್ವೀಪದಲ್ಲಿ ಯಾರೂ ಯಾವ ಹಕ್ಕಿಗೂ ಬರಬೇಕಾಗಿಲ್ಲ ಎಂದದ್ದಿಲ್ಲ. ಹೊಡೆದಾಡಿಕೊಂಡು ಬೇರೆಯಾಗುವ ಅಣ್ಣತಮ್ಮಂದಿರು ಸಹ ಬರ್ತೇನೆ ಎಂದು ಹೇಳಿ ಹೋಗುವ ಊರು ನಮ್ಮದು. ನಾನು ತಡೆಯಲಿಕ್ಕೆ ಎರಡು ಹೆಜ್ಜೆ ಓಡಿದೆ. ಅಷ್ಟರಲ್ಲಿ ಹಕ್ಕಿ ರೆಕ್ಕೆ ಬಿಚ್ಚಿತ್ತು. ಬೇರೆ ಹಕ್ಕಿಗಳ ಹಾಗೆ ದ್ವೀಪಕ್ಕೆ ಸುತ್ತು ಹಾಕಲಿಲ್ಲ. ನೆಟ್ಟಗೆ, ಗೆರೆ ಎಳೆದ ಹಾಗೆ, ಉತ್ತರಕ್ಕೆ ಹೋಯಿತು.

ನನಗೆ ಸಿಟ್ಟು ಬಂತು. ಬದುಕಿತಲ್ಲ ಎಂಬ ಸಮಾಧಾನ ಒಂದು ಕಡೆ, ಇನ್ನು ಬರುವುದಿಲ್ಲವಲ್ಲ ಎಂಬ ಸಂಕಟ ಇನ್ನೊಂದು ಕಡೆ. ಧಕ್ಕೆಯ ದಾರಿಯಲ್ಲಿ ತಡೆಯಲಾರದೆ ಕೇಳಿದೆ, “ಎಂತಕ್ಕೆ ಹಾಗೆ ಹೇಳಿದಿರಿ? ಬಾ ಅಂತ ಒಂದು ಮಾತು ಹೇಳ್ಲಿಕ್ಕೆ ನಿಮಗೆ ಎಂತ ಕಷ್ಟ ಇತ್ತು?”

ಅವರು ನಿಂತು ಯೋಚನೆ ಮಾಡಿದರು. “ಮೂವತ್ತೊಂದು ವರ್ಷ ದಿನಾ ಹದಿನಾರು ಗಾಡಿ ಬಿಟ್ಟೇನ್ರಿ ಅಕ್ಕಾರ. ಯಾವುದಕ್ಕೂ ಬಾ ಅಂದಿಲ್ಲ. ಬಾ ಅಂದ್ರ ಬರ್ತಾವೇನು, ಬ್ಯಾಡ ಅಂದ್ರ ನಿಂದರ್ತಾವೇನು. ಹಾದಿ ಬಿಡೂದಷ್ಟ ನಮ್ಮ ಕೆಲಸ.” ಆಮೇಲೆ ಸ್ವಲ್ಪ ಮೆತ್ತಗೆ, “ನಿಮ್ಮೂರಾಗ ಹಕ್ಕಿಗೆ ಭಾಳ ಕರಾರು ಹಾಕ್ತೀರಿ,” ಎಂದರು.

ನಾನು ಆಗ ಆ ಉಸಿರಿನ ವಿಷಯ ಹೇಳಿದೆ. ಅವತ್ತೇ ಕೇಳಿಸಿತ್ತು, ತಿಳಿದೂ ತಿಳಿದೂ ನಿಮ್ಮ ಹಕ್ಕಿಯನ್ನು ನನ್ನದು ಮಾಡಿಕೊಂಡೆ ಎಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಗಂಟು ಬಿಚ್ಚಿ ಎರಡು ರೊಟ್ಟಿ, ಒಂದು ಪೊಟ್ಟಣ ಶೇಂಗಾ ಚಟ್ನಿ ನನ್ನ ಕೈಗೆ ಕೊಟ್ಟು, “ಮಳಿಗಾಲಕ್ಕ ಇಟ್ಗೋರಿ, ಕೆಡೂದಿಲ್ಲ,” ಎಂದು ದೋಣಿ ಹತ್ತಿದರು.

ಮಳೆಗಾಲ ಹೇಗೆ ಕಳೆಯಿತು ಎಂದು ಕೇಳಬೇಡಿ. ಊರಲ್ಲಿ ಯಾರೂ ನನ್ನ ಜತೆ ಜಗಳ ಆಡಲಿಲ್ಲ, ಮಾತೂ ಆಡಲಿಲ್ಲ. ಮೂವತ್ತು ವರ್ಷಕ್ಕೊಮ್ಮೆ ಬರುವ ಹಕ್ಕಿಯನ್ನು ಒಬ್ಬಳ ದುರಾಸೆ ಮತ್ತು ಒಬ್ಬ ಪರಸ್ಥಳದವನ ನಾಲಿಗೆ ಸೇರಿ ಕಳೆದವು ಎಂಬುದು ಊರಿನ ತೀರ್ಮಾನ. ಆದರೂ ಗಣಪತಿ ಹಬ್ಬ ಕಳೆದು ದೋಣಿ ಶುರುವಾದಾಗ ಪ್ರವಾಸಿಗರ ಮುಂದೆ ನಡೆಯಲು ಬೇರೆ ಯಾರೂ ಒಪ್ಪಲಿಲ್ಲ. ಅಷ್ಟು ಹಕ್ಕಿಗಳನ್ನು ಮೈಮೇಲೆ ಹಾಕಿಕೊಳ್ಳುವವರು ಯಾರು? ನಿಯಮ ಮಾತ್ರ ಬದಲಾಯಿತು. ಈಗ ಪ್ರವಾಸಿಗರು ನೆಲ ನೋಡುವ ಹಾಗಿಲ್ಲ, ಮುಂದಿನವರ ಬೆನ್ನು ನೋಡಿಕೊಂಡು ನಡೆಯಬೇಕು. ನನ್ನ ಬೆನ್ನು ನೋಡುವವರಿಗೆ ದಾರಿಯಲ್ಲಿ ಕನ್ನಡಿ ಸಿಗಬಾರದೆಂದು ನಾನು ಹೊಳೆಯುವ ರವಿಕೆ ತೊಡುವುದನ್ನೂ ಬಿಟ್ಟೆ.

ಮುಂದಿನ ಮಾರ್ಗಶಿರದ ಕೊನೆಗೆ ಒಂದು ಬೆಳಗ್ಗೆ ಒಬ್ಬಳೇ ತೆಂಕು ದಿಬ್ಬದ ಕಡೆ ಹೋಗಿದ್ದೆ. ಏಡಿಮುರುಕ ಇತ್ತು. ಅದೇ ಹಕ್ಕಿ, ಎಡಗಾಲಿನ ಬೆರಳೊಂದು ಮೊದಲೇ ಸ್ವಲ್ಪ ಸೊಟ್ಟ ಇದ್ದದ್ದು ನನಗೆ ಗೊತ್ತು. ನಾನು ಮೊದಲು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಸುತ್ತ ಮುತ್ತ ನೋಡಿದೆ, ಕಡಲಲ್ಲಿ ದೋಣಿ ಇರಲಿಲ್ಲ. ಕಿವಿಗೊಟ್ಟು ಕೇಳಿದೆ. ನನ್ನ ಉಸಿರು ಬಿಟ್ಟರೆ ಬೇರೆ ಉಸಿರಿಲ್ಲ. ಅದು ಏಡಿಯೊಂದನ್ನು ಹಿಡಿದು ಕಲ್ಲಿಗೆ ಕುಕ್ಕಿ ಒಡೆಯುತ್ತಿತ್ತು. ನಾನು ಅಲ್ಲೇ ಮರಳಿನಲ್ಲಿ ಕೂತು ಬಿಸಿಲೇರುವ ತನಕ ನೋಡಿದೆ. ಧಕ್ಕೆಗೆ ಬಂದು ಹಲಗೆಯ ಮೇಲೆ ಬರೆದೆ, ಈ ಸಲ ಎಲ್ಲರ ಅಕ್ಷರದಷ್ಟೇ ಅಕ್ಷರದಲ್ಲಿ. ಅಕ್ಕಣಿ ಅಜ್ಜಿ ಓದಿ, ನನ್ನ ಮುಖವನ್ನು ಎರಡು ಸಲ ನೋಡಿ ಹೋದಳು. ಹೂ ತರಲಿಲ್ಲ. ವೈಶಾಖ ಬರಲಿ ಎಂದು ಅವಳು ಕಾಯುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಊರೆಲ್ಲ ಕಾಯುತ್ತಿತ್ತು. ಏಡಿಮುರುಕ ನನ್ನ ಬಾಗಿಲಿಗೆ ಬಂದು ನಿಂತರೆ ನನ್ನ ಕಣ್ಣೂ ಸರಿ, ನನ್ನ ಮಾತೂ ಸರಿ. ಬಾರದಿದ್ದರೆ ವಾರಿಜ ಮತ್ತೊಮ್ಮೆ ಸುಳ್ಳು ಬರೆದಳು.

ವೈಶಾಖದ ಮೊದಲ ದಿನದಿಂದ ನಾನು ಬಾಗಿಲು ಹಾಕಲಿಲ್ಲ. ಎಲ್ಲ ಹಕ್ಕಿಗಳೂ ಬಂದವು, ಹೋದವು. ಅಂಗಳ ಬರಿದಾಯಿತು. ಒಂದು ಬೆಳಗ್ಗೆ ತಡೆಯಲಾರದೆ ದಿಬ್ಬಕ್ಕೆ ಹೋದೆ. ಏಡಿಮುರುಕ ನೀರಲ್ಲಿ ಮೈ ಅದ್ದಿ ಸ್ನಾನ ಮಾಡುತ್ತಿತ್ತು. ರೆಕ್ಕೆ ಕೊಡವಿತು. ಒಂದು ಏಡಿ ತಿಂದಿತು. ಕೊಕ್ಕನ್ನು ಕಲ್ಲಿಗೆ ಒರಸಿಕೊಂಡಿತು. ನಾನು ಹತ್ತು ಮಾರು ದೂರದಲ್ಲಿ ನಿಂತಿದ್ದೆ, ಹೋಗಿ ಬಾ ಎಂಬುದು ನಾಲಿಗೆಯ ತುದಿಯಲ್ಲಿತ್ತು. ಅದು ನನ್ನ ಕಡೆ ಬರಲಿಲ್ಲ, ಧಕ್ಕೆಯ ಕಡೆಯೂ ನೋಡಲಿಲ್ಲ. ಎದ್ದು, ಉತ್ತರಕ್ಕೆ ಹೊರಟುಹೋಯಿತು. ಯಾರನ್ನೂ ಕೇಳಲಿಲ್ಲ. ನಮ್ಮ ದ್ವೀಪದಿಂದ ಹಾಗೆ ಹೋದ ಹಕ್ಕಿಯನ್ನು ನಾನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅದು ಎಷ್ಟು ಚಂದ ಹಾರುತ್ತಿತ್ತು ಎಂದರೆ, ನನಗೆ ಅಳು ಬಂತು. ಸಂತೋಷಕ್ಕೆ ಅತ್ತೆ ಎಂದರೆ ಅದೊಂದು ಸುಳ್ಳಾಗುತ್ತದೆ. ನನಗೆ ಹೇಳಿ ಹೋಗಬೇಕಿತ್ತು ಎಂದೇ ಅತ್ತೆ.

ಮುಖ ತೊಳೆದುಕೊಂಡು ಮನೆಗೆ ಬಂದರೆ ಅಕ್ಕಣಿ ಅಜ್ಜಿ ನನ್ನ ಮೆಟ್ಟಿಲ ಮೇಲೆ ಕೂತಿದ್ದಳು. ಮಡಿಲಲ್ಲಿ ಅಬ್ಬಲಿಗೆ ಹೂವಿನ ಪೊಟ್ಟಣ. ಹಕ್ಕಿ ಉತ್ತರಕ್ಕೆ ಹೋದದ್ದನ್ನು ಅವಳು ತನ್ನ ಹಿತ್ತಿಲಿಂದ ಕಂಡಿದ್ದಳು.

“ಹೇಳಿ ಹೋಯ್ತಾ?” ಎಂದು ಕೇಳಿದಳು.

ದಿಬ್ಬದ ಮೇಲೆ ನಾನೊಬ್ಬಳೇ ಇದ್ದೆ. ಹೌದು ಎಂದರೆ ಮುಗಿಯುತ್ತಿತ್ತು. ಅವಳಿಗೂ ಹೌದು ಎಂದು ಕೇಳುವ ಆಸೆ ಇತ್ತು, ಹೂವಿನ ಪೊಟ್ಟಣದ ದಾರವನ್ನು ಆಗಲೇ ಅರ್ಧ ಬಿಚ್ಚಿದ್ದಳು.

“ಇಲ್ಲ ಅಜ್ಜಿ,” ಎಂದೆ. “ಹೇಳದೆ ಹೋಯ್ತು.”

ಅವಳು ನನ್ನ ಮುಖವನ್ನೇ ನೋಡಿದಳು. ದಾರವನ್ನು ಮತ್ತೆ ಕಟ್ಟಲಿಲ್ಲ, ಪೂರ್ತಿ ಬಿಚ್ಚಲೂ ಇಲ್ಲ. ಪಕ್ಕಕ್ಕೆ ಸರಿದು ಮೆಟ್ಟಿಲ ಮೇಲೆ ನನಗೆ ಜಾಗ ಮಾಡಿದಳು. ನಾನು ಕೂತೆ. ಇಬ್ಬರೂ ಉತ್ತರದ ಕಡೆ, ಏನೂ ಇಲ್ಲದ ಆಕಾಶವನ್ನು, ಸ್ವಲ್ಪ ಹೊತ್ತು ನೋಡಿದೆವು.

“ಹಾಗಾದ್ರೆ ಇನ್ನು ಬರ್ತದಾ ಅದು?” ಎಂದಳು. ಅವಳು ನನ್ನನ್ನು ಹೀಗೆ, ತನಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳಿದ್ದು ಅದೇ ಮೊದಲು.

“ಗೊತ್ತಿಲ್ಲ ಅಜ್ಜಿ,” ಎಂದೆ. “ನೋಡುವ.”